ಇಡೀ ಮನೆಯ ಫಾರ್ಮು

ನನಗೆ ಮಾತು ಕಲಿಸಿದ ಹಿರಿಯರಲ್ಲಿ ಸೋದರತ್ತೆಯದೇ ದೊಡ್ಡ ಪಾಲು. ಕಳೆದ ವರ್ಷ ಅವಳ ಮೊಣಕಾಲಿನ ಆಪರೇಷನ್‌ಗೆ ತಾರೀಖು ಪಡೆಯಲೆಂದು ಕಾತ್ರಜದ ಕಡೆಯ ಒಂದು ಆಸ್ಪತ್ರೆಗೆ ಹೋಗಿದ್ದೆವು. ಅವಳದು ಲಿಫ್ಟಿಲ್ಲದ ಮೂರನೇ ಮಹಡಿಯ ಮನೆ. ಎರಡು ವರ್ಷದಿಂದ ಅತ್ತೆ ಕೆಳಗಿಳಿದದ್ದೇ ಅಪರೂಪ. ಆ ತಾರೀಖಿನ ಮೇಲೇ ಅವಳ ಜೀವವಿತ್ತು.

ಆಪರೇಷನ್‌ಗೆ ಮೊದಲು ಮನಸ್ಸು ಹೇಗಿದೆ ಎಂದು ತಿಳಿಯಲು ಆ ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಅಚ್ಚಾದ ಒಂದು ಫಾರ್ಮು ಕೊಡುತ್ತಾರೆ. ಸಿಟ್ಟು, ಹೆದರಿಕೆ, ಬೇಸರ, ಚಡಪಡಿಕೆ ಎಂದು ಹತ್ತೆಂಟು ಸಾಲು. ಈ ಹದಿನೈದು ದಿನ ಯಾವುದು ಎಷ್ಟಿತ್ತು ಎಂದು ಸೊನ್ನೆಯಿಂದ ನಾಲ್ಕರೊಳಗೆ ಗುರುತು ಹಾಕಬೇಕು. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅತ್ತೆ ತುಂಬಿ ಕೊಟ್ಟಾಗಿತ್ತು.

ಒಳಗಿದ್ದ ಸಲಹೆಗಾರ್ತಿ ಸೊಲ್ಲಾಪುರದ ಹುಡುಗಿ, ಕನ್ನಡ ಬಲ್ಲವಳು.

"ಆಜಿ, ಎಲ್ಲಾದಕ್ಕೂ ನಾಲ್ಕು ಹಾಕೀರಿ! ನಿಮಗ ಸಿಟ್ಟೋ, ಹೆದರಿಕ್ಯೋ, ಬ್ಯಾಸರೋ ಒಂದೂ ತಿಳೀವಲ್ದು. ಹಿಂಗಿದ್ರ ಆಪರೇಷನ್ ಮುಂದಕ್ಕ ಹಾಕಬೇಕಾಗ್ತದ್ರಿ."

"ಮುಂದಕ್ಕ? ಯಾಕವಾ? ಸಿಟ್ಟು ನಮ್ಮನಿಯವರದು. ಚಾ ತಡಾ ಆದ್ರ ಮನೀ ತಲೀ ಮ್ಯಾಲೆ ಹೊರ್ತಾರ. ಹೆದರಿಕಿ ಮೊಮ್ಮಗಳದು, ಹತ್ತನೇ ಪರೀಕ್ಷಾ ಅದ. ಬ್ಯಾಸರ ಸೊಸೀದು, ತವರಿಗೆ ಹೋಗಿ ವರ್ಷ ಆತು. ಚಡಪಡಿಕಿ ನನ್ನ ಮಗಂದು, ಅಂವಾ ಹುಟ್ಟಿದಾಗಿಂದನೂ ಹಂಗ."

ನನಗೆ ಆಗ ಹೊಳೆಯಿತು. ರೇಷನ್ ಕಾರ್ಡಿರಲಿ, ಜನಗಣತಿಯಿರಲಿ, ಅತ್ತೆ ಈವರೆಗೆ ಬರೆಸಿದ ಫಾರ್ಮುಗಳೆಲ್ಲ ಇಡೀ ಮನೆಯವು. ಇದು ತನ್ನೊಬ್ಬಳದು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ.

ಹುಡುಗಿ ನಗು ತಡೆದುಕೊಂಡು ಹೊಸ ಹಾಳೆ ಕೊಟ್ಟಳು. "ಈಗ ನಿಮ್ಮದಷ್ಟ ಹಾಕ್ರಿ."

"ನಂದಾ? ನಂದೇನದವಾ!"

ಅಂದಳು, ಆದರೆ ಪೆನ್ನು ಹಿಡಿದು ಕೂತಳು. ಮೊದಲ ಹಾಳೆ ಐದು ನಿಮಿಷದಲ್ಲಿ ಮುಗಿದಿತ್ತು, ಇದಕ್ಕೆ ಅರ್ಧ ಗಂಟೆ ಹಿಡಿಯಿತು. ನಾನು ಇಣುಕಿದ್ದಕ್ಕೆ, "ಆ ಕಡೆ ನೋಡೋ, ಕಾಪಿ ಹೊಡ್ಯಾಂವ್ನ ಗತೆ!" ಎಂದು ಗದರಿದಳು.

ಹುಡುಗಿ ಹಾಳೆ ನೋಡಿದಳು. "ಎಲ್ಲಾ ಸೊನ್ನಿ, ಹೆದರಿಕಿಗೆ ಮಾತ್ರ ನಾಲ್ಕು. ಯಾತರ ಹೆದರಿಕಿರಿ?"

"ಸೂಜಿ ಚುಚ್ಚಿ ಮಲಗಸ್ತಾರಲ್ಲ, ಎಚ್ಚರಾನ ಆಗದಿದ್ರ?"

"ನಿಮಗ ಸೊಂಟದ ಕೆಳಗಷ್ಟ ಮರಗಟ್ಟಸ್ತಾರ್ರಿ. ನೀವು ಎಚ್ಚರಾನ ಇರ್ತೀರಿ."

"ಅಯ್ಯ, ಹಂಗಾದ್ರ ಕೊಯ್ಯೂದು ಕಾಣಸ್ತದೇನು?"

ನಡುವೆ ಪರದೆ ಕಟ್ಟುತ್ತಾರೆ ಎಂದಮೇಲೆ ಅತ್ತೆಗೆ ಉಸಿರು ಬಂತು. ತಾರೀಖೂ ಸಿಕ್ಕಿತು, ಮುಂದಿನ ಗುರುವಾರ. ಹೊರಗೆ ಬರುವಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ನಾ ಹೆದರೇನಿ ಅಂತ ಮನ್ಯಾಗ ಹೇಳಬ್ಯಾಡಪಾ. ಎಲ್ಲಾರೂ ಗಾಬರಿ ಆಗ್ತಾರ."