ಮೂರನೇ ಸರದಿಗೆ ಬಾವಿ ಮುಟ್ಟುವ ಕೋಣಗಳು

ನಾನು ಓದು ನಿಲ್ಲಿಸಿದ್ದು ೧೯೯೮ರಲ್ಲಿ, ಎಂಟನೇ ತರಗತಿಯ ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೊಳ್ಳೇಗಾಲದಲ್ಲಿ ಮಗ್ಗ ರಿಪೇರಿ ಮಾಡುವ ಒಬ್ಬ ಬಡಗಿಯ ಅಂಗಡಿಗೆ ರಜೆಯಲ್ಲಿ ಹೋದವನು ರಜೆ ಮುಗಿದರೂ ಶಾಲೆಗೆ ಹಿಂತಿರುಗಲಿಲ್ಲ. ಅಲ್ಲಿ ಹತ್ತು ವರ್ಷ ದುಡಿದು ಆಮೇಲೆ ಸ್ವಂತ ಅಂಗಡಿ ಹಾಕಿದೆ. ಇವತ್ತಿನವರೆಗೆ ನಾನು ಕೂರಿಸಿದ ಬಾಗಿಲು ಒಂದೂ ನೆಲ ಕೆರೆದಿಲ್ಲ. ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರೆ ಹಾಗೇ ಇಟ್ಟುಕೊಳ್ಳಿ.

ಆ ಆಟ ನನ್ನ ಅಂಗಡಿಗೆ ಬಂದದ್ದು ಒಂದು ಪ್ಲೈವುಡ್ ಹಲಗೆಯ ನೆಪದಲ್ಲಿ. ಯಳಂದೂರು ಕಡೆಯ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು ನಾಲ್ಕಡಿಗೆ ನಾಲ್ಕಡಿ ಹಲಗೆ ಬೇಕೆಂದು ಬಂದರು. ಅದರ ಮೇಲೆ ಗುಡ್ಡ, ಬಂಡೆ, ನಟ್ಟನಡುವೆ ಒಂದು ಬಾವಿ ಮಾಡಿಕೊಡಬೇಕು ಎಂದರು. ಗಣೇಶನ ಮಂಟಪಕ್ಕಾ ಎಂದು ಕೇಳಿದೆ. ಅಲ್ಲವಂತೆ, ಯುದ್ಧಕ್ಕಂತೆ. ಮುನ್ನೂರು ವರ್ಷ ಕಳೆದ ಮೇಲೆ ಬೇರೊಂದು ಗ್ರಹದಲ್ಲಿ ಒಂದೇ ಒಂದು ಬಾವಿ ಉಳಿದಿರುತ್ತದೆ, ಅದಕ್ಕಾಗಿ ಎರಡು ಯಂತ್ರಸೈನ್ಯಗಳು ಕಾದಾಡುತ್ತವೆ. ಇಂಗ್ಲಿಷಿನಲ್ಲಿ ಅಚ್ಚಾದ ನಿಯಮದ ಹಾಳೆಗಳು ಅವರ ಬ್ಯಾಗಿನಲ್ಲಿದ್ದವು. ಹಲಗೆ ಕೊಟ್ಟ ದಿನ ಒಂದು ಕೈ ಆಡಿ ನೋಡಿ ಎಂದರು. ಅದಾದ ಮೇಲೆ ಆ ಹಲಗೆ ಯಳಂದೂರಿಗೆ ಹೋಗಲೇ ಇಲ್ಲ.

ಮೂರನೆಯವನಾಗಿ ಸೇರಿಕೊಂಡವನು ಹನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮನಂಥವನೊಬ್ಬ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಇಬ್ಬರು ಆಡುವುದು, ಮೂರನೆಯವರು ತೀರ್ಪು ಹೇಳುವುದು. ಯಂತ್ರಗಳಿಗೆ ಪುಸ್ತಕದಲ್ಲಿ ಏನೇನೋ ಹೆಸರುಗಳಿದ್ದವು. ಭಾರದ ಹೆಜ್ಜೆ ಇಟ್ಟು ನಡೆಯುವುದಕ್ಕೆ ನಾವು ಕೋಣ ಎಂದೆವು, ಜಿಗಿಯುವುದಕ್ಕೆ ಮಿಡತೆ, ನೆಲ ಮುಟ್ಟದೆ ತೇಲುವುದಕ್ಕೆ ತೆಪ್ಪ. ಎಲ್ಲವನ್ನೂ ನಾನೇ ತೇಗದ ಚೂರುಗಳಲ್ಲಿ ಕಡೆದೆ.

ಆಟಕ್ಕಿಂತ ಮಾತೇ ಜಾಸ್ತಿ. ಒಮ್ಮೆ ಮೊಬೈಲಿನವನ ಮಿಡತೆ ತನ್ನದೇ ಕೋಣದ ಹಿಂದೆ ನಿಂತು ನನಗೆ ಗುಂಡು ಹಾರಿಸಿತು.

"ನಿನ್ ಕೋಣನ ಬೆನ್ನ ತೂತ್ ಮಾಡ್ಕಂಡ್ ಬತ್ತದೇನ್ಲಾ ಗುಂಡು?" ಎಂದೆ.

"ಗುಂಡಲ್ಲ ಕಣಣ್ಣೋ, ಬೆಳಕು. ಬೆಳಕ್ಗೆ ಯಾವ ಕೋಣ?"

"ಬೆಳಕೇ ಆದ್ರೆ ಕೋಣನ ಹಿಂದೆ ನೆರಳು ಬೀಳ್ದೇ ಇದ್ದದಾ? ಏಳಿ ಸಾ ಇವನ್ಗೆ."

ಮೇಷ್ಟ್ರು ಹಾಳೆ ತಿರುಗಿಸಿದರು. "ತನ್ನವರು ಅಡ್ಡ ಇದ್ರೂ ಅಡ್ಡವೇ ಅಂತದೆ ಪುಸ್ತಕ. ಆದ್ರೆ ಎಷ್ಟು ಅಡ್ಡ ಅಂತ ಹೇಳಿಲ್ಲ."

ನಾನು ಒಳಗಿಂದ ಗೆರೆ ಹೊಡೆಯುವ ದಾರ ತಂದೆ. ಬಂದೂಕಿನ ತುದಿಯಿಂದ ಗುರಿಯವರೆಗೆ ದಾರ ಎಳೆಯುವುದು; ನಡುವೆ ಏನಾದರೂ ದಾರಕ್ಕೆ ತಾಗಿದರೆ ಗುಂಡು ಇಲ್ಲ. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು. ಅವರು ನಿಯಮಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದರು, ಈ ದಾರದ ಮಾತನ್ನೂ ಬರೆದುಕೊಂಡರು.

ಆಟದಲ್ಲಿ ಇನ್ನೊಂದು ನಿಯಮವಿತ್ತು. ಗುಂಡು ಹಾರಿಸುವ ಮೊದಲು ಅಳೆಯುವಂತಿಲ್ಲ. ಕೋಣದ್ದಾಗಲಿ ತೆಪ್ಪದ್ದಾಗಲಿ, ಗುಂಡು ಹದಿನಾರು ಇಂಚು ಹೋಗುತ್ತದೆ. ಗುರಿ ಅಷ್ಟರೊಳಗಿದೆ ಎಂದು ಕಣ್ಣಳತೆಯಲ್ಲಿ ಹೇಳಿ, ಆಮೇಲೆ ಟೇಪು ಹಿಡಿಯಬೇಕು. ಮೇಷ್ಟ್ರು ಪ್ರತಿಸಲ ತಪ್ಪುತ್ತಿದ್ದರು. ಹದಿನಾರು ಎನ್ನುವರು, ಟೇಪು ಹದಿನೇಳು ತೋರಿಸುವುದು. ನಾನು ಹೇಳಿದ್ದು ತಪ್ಪುತ್ತಿರಲಿಲ್ಲ.

"ಕನ್ನಡಕ ಬದಲಾಯ್ಸಿ ಸಾ," ಎಂದೆ ಒಂದು ದಿನ. "ಡಿಗ್ರಿ ಓದಿ ಓದಿ ಕಣ್ಣು ಸವ್ದೋಗದೆ."

ಅವರು ನಕ್ಕರು. ಮುಂದಿನ ತಿಂಗಳು ನಿಜಕ್ಕೂ ಹೊಸ ಕನ್ನಡಕ ಹಾಕಿಕೊಂಡು ಬಂದರು. ಆಗಲೂ ತಪ್ಪಿತು.

ನನಗೆ ದೊಡ್ಡ ಹೆಸರು ಬಂದದ್ದು ಮಾತ್ರ ಕೋಣಗಳಿಂದ. ಕೋಣ ಒಂದು ಸರದಿಗೆ ನಾಲ್ಕು ಇಂಚು ಮಾತ್ರ ನಡೆಯುತ್ತದೆ. ಹೊರಡುವ ಗೆರೆಯಿಂದ ಬಾವಿಗೆ ಹನ್ನೆರಡು ಇಂಚು. ನನ್ನ ಕೋಣಗಳು ಮೂರನೇ ಸರದಿಗೆ ಬಾವಿಕಟ್ಟೆ ಮುಟ್ಟಿ ಸುತ್ತ ನಿಂತುಬಿಡುತ್ತಿದ್ದವು. ಅವರಿಬ್ಬರವು ನಾಲ್ಕನೇ ಸರದಿಗೆ ಬರುತ್ತಿದ್ದವು, ಅಷ್ಟರಲ್ಲಿ ಕಟ್ಟೆ ನನ್ನದಾಗಿರುತ್ತಿತ್ತು. ಒಂದೂವರೆ ವರ್ಷದಲ್ಲಿ ನಾನು ಸೋತದ್ದು ಎರಡೇ ಸಲ.

"ಅದೆಂಗಣ್ಣ?" ಎಂದು ಮೊಬೈಲಿನವನು ತಲೆ ಕೆರೆದುಕೊಳ್ಳುತ್ತಿದ್ದ.

"ನೀವು ಬಂಡೆ ಕಂಡ್ರೆ ಅದ್ರ ಮಗ್ಗುಲ್ಗೆ ಓಯ್ತೀರಿ, ಅಂಕುಡೊಂಕಾಯ್ತದೆ. ನಾನು ಗರಗಸ ಬುಟ್ಟಂಗೆ ಒಂದೇ ಗೆರೇಲಿ ಓಯ್ತೀನಿ. ಅದು ಕೈಗೆ ಬರ್ಬೇಕು ಕಣ್ಲಾ, ಓದುದ್ರೆ ಬರದಲ್ಲ."

ಮೇಷ್ಟ್ರು ಆ ಮಾತನ್ನು ನಂಬಿದರು. ನಾನೂ ನಂಬಿದ್ದೆ. ಕನ್ನಡದ ಪುಸ್ತಕ ತಯಾರಾಗುತ್ತಿತ್ತು, ಝೆರಾಕ್ಸ್ ಅಂಗಡಿಯಲ್ಲಿ ನಲವತ್ತು ಪ್ರತಿ ತೆಗೆಸಿ ಹೊಲಿಸುವುದೆಂದು ಮಾತಾಗಿತ್ತು. ಅದರ ಕೊನೆಯ ಪುಟಕ್ಕೆ 'ಕೋಣದ ಸಾಲು' ಎಂದು ತಲೆಬರಹ ಕೊಟ್ಟು, ನನ್ನ ಉಪಾಯವನ್ನು ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದರು. ಬೆರಳಚ್ಚಾದ ಆ ಹಾಳೆಯನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಎಂಟನೇ ತರಗತಿಯ ಹಾಜರಿ ಪುಸ್ತಕ ಬಿಟ್ಟರೆ ಇನ್ನಾವ ಪುಸ್ತಕದಲ್ಲೂ ನನ್ನ ಹೆಸರು ಬಂದಿರಲಿಲ್ಲ.

ಝೆರಾಕ್ಸಿಗೆ ಕೊಡುವುದು ಸೋಮವಾರ ಎಂದಾಗಿತ್ತು. ಅದರ ಹಿಂದಿನ ವಾರದ ಮೊದಲಲ್ಲಿ ಮೇಷ್ಟ್ರು ಆ ಪುಟವನ್ನು ಫೋನಿನ ಗುಂಪಿಗೆ ಹಾಕಿದರು. ಈ ಆಟವನ್ನು ಬೇರೆ ಊರುಗಳಲ್ಲಿ ಆಡುವವರೆಲ್ಲ ಸೇರಿ ಮಾಡಿಕೊಂಡಿರುವ ಗುಂಪು ಅದು. ನಿಯಮದ ಜಗಳ, ಯಾವ ಯಂತ್ರವನ್ನು ಯಾವಾಗ ಬಿಡಬೇಕು ಎಂಬ ಚರ್ಚೆ, ಎಲ್ಲ ಅಲ್ಲೇ. ಹೊಗಳಿಕೆ ಬರುತ್ತದೆಂದು ನಾನು ಕಾದೆ. ಮೈಸೂರಿನ ಒಬ್ಬರು ಬರೆದರು: "ಹನ್ನೆರಡು ಇಂಚು, ಸರದಿಗೆ ನಾಲ್ಕು. ಎಲ್ಲರ ಕೋಣವೂ ಮೂರನೇ ಸರದಿಗೇ ಬಾವಿ ಮುಟ್ಟುತ್ತೆ. ಇದರಲ್ಲಿ ಉಪಾಯ ಏನು ಬಂತು?" ಇನ್ನೊಬ್ಬರು ಅದರ ಕೆಳಗೆ ನಗುವ ಮುಖ ಅಂಟಿಸಿದರು.

ನನಗೆ ಕೆಂಡದಂಥ ಕೋಪ ಬಂತು. ಮೊಬೈಲಿನವನಿಗೆ ಫೋನು ಹಾಕಿದೆ. "ಅವ್ರು ಒಟ್ಟೆಕಿಚ್ಚಿಗೆ ಅಂತಾರೆ, ಬುಡಣ್ಣ," ಎಂದ. ನಾನೂ ಹಾಗೇ ಅಂದುಕೊಂಡೆ.

ಶನಿವಾರ ಮುಳ್ಳೂರಿನಲ್ಲಿ ಒಂದು ಮನೆಗೆ ಕಿಟಕಿ ಅಳೆಯಲು ಹೋದೆ. ಟೇಪಿನ ತುದಿ ಕಿಟಕಿಯ ಈಚೆ ಬದಿಗೆ ಹಿಡಿದು, ಆಚೆ ಬದಿಯಲ್ಲಿ ಎಷ್ಟಿದೆ ಓದಿ ಎಂದು ಮನೆಯ ಯಜಮಾನಿಗೆ ಹೇಳಿದೆ.

"ಮೂವತ್ತೆಂಟು," ಎಂದರು ಆಕೆ.

ನಾನು ಚೀಟಿಯಲ್ಲಿ ಮೂವತ್ತೇಳು ಎಂದು ಬರೆದೆ. ಅವರು ಬಗ್ಗಿ ನೋಡಿದರು.

"ಮೂವತ್ತೆಂಟು ಅಂದ್ನಲ್ಲಪ್ಪ, ಕಿವಿ ಕೇಳಲ್ವಾ?"

"ತುದಿ ಮುರುದದೆ ಕಣವ್ವ. ಒಂದಿಂಚು ಇಲ್ಲ ಇದ್ರಲ್ಲಿ. ಕಳೀಬೇಕು."

ಹೇಳಿದ ಮೇಲೆ ನನ್ನ ಕೈ ಅಲ್ಲೇ ನಿಂತಿತು.

ಆ ಟೇಪಿನ ಕೊಕ್ಕೆ ಮುರಿದು, ಮೊದಲ ಇಂಚು ಹೋಗಿ ಎಷ್ಟೋ ವರ್ಷವಾಗಿತ್ತು. ಕೈ ಕುಯ್ಯದಿರಲಿ ಎಂದು ತುದಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದೆ. ನಮ್ಮ ಕಸುಬಿನಲ್ಲಿ ಇದೇನೂ ವಿಶೇಷವಲ್ಲ. ತುದಿ ಸವೆದ ಟೇಪನ್ನು ಯಾರೂ ಎಸೆಯುವುದಿಲ್ಲ. ಬೇರೆಯವರು ಓದಿದರೆ ಒಂದು ಕಳೆಯುತ್ತೇವೆ, ನಾವೇ ಗುರುತು ಹಾಕಿದರೆ ಒಂದು ಕೂಡುತ್ತೇವೆ. ಕೈಗೆ ಅದು ಗೊತ್ತು, ತಲೆಗೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಆಡುವಾಗ ನಾನು ಕೊಟ್ಟದ್ದು ಅದೇ ಟೇಪು. ನನ್ನ ಕೋಣವನ್ನು ನಡೆಸುವಾಗ ನನ್ನ ಕೈ ಐದರ ಗೆರೆಗೆ ಹೋಗುತ್ತಿತ್ತು, ಅದು ಸರಿಯಾದ ನಾಲ್ಕು ಇಂಚು. ಅವರಿಬ್ಬರು ನಾಲ್ಕರ ಗೆರೆಗೆ ಇಡುತ್ತಿದ್ದರು, ಅದು ಮೂರೇ ಇಂಚು. ಅವರಿಗೆ ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ತಂತಮ್ಮದನ್ನು ತಾವೇ ಅಳೆದುಕೊಳ್ಳುತ್ತಿದ್ದೆವು, ಬಡಗಿಯ ಟೇಪನ್ನು ಯಾರು ಅನುಮಾನಿಸುತ್ತಾರೆ?

ಮೇಷ್ಟ್ರ ಕಣ್ಣು ನೆಟ್ಟಗೇ ಇತ್ತು. ಅವರು ಹದಿನಾರು ಎಂದದ್ದು ಹದಿನಾರೇ.

ಕೊಳ್ಳೇಗಾಲಕ್ಕೆ ಗಾಡಿಯಲ್ಲಿ ಬರುವಾಗ ಒಂದು ಯೋಚನೆ ಬಂತು, ಮುಚ್ಚಿಡುವುದಿಲ್ಲ. ಸುಮ್ಮನೆ ಹೊಸ ಟೇಪು ತಂದಿಟ್ಟರೆ ಸಾಕು. ಪುಸ್ತಕ ಸೋಮವಾರ ಹೋಗುತ್ತದೆ, ಹೆಸರು ಇರುತ್ತದೆ, ಮೈಸೂರಿನವರಿಗೆ ಹೊಟ್ಟೆಕಿಚ್ಚು ಅಂತಲೇ ಆಗುತ್ತದೆ. ಆ ಯೋಚನೆ ಊರು ಮುಟ್ಟುವವರೆಗೂ ಜೊತೆಯಲ್ಲೇ ಬಂತು. ಅಂಗಡಿಯ ಬಾಗಿಲು ತೆಗೆದೆ. ನಾನೇ ಕೂರಿಸಿದ್ದು, ಸದ್ದಿಲ್ಲದೆ ತೆರೆಯಿತು. ಅಳತೆ ಸುಳ್ಳಾಗಿದ್ದರೆ ಅದು ಹಾಗೆ ತೆರೆಯುತ್ತಿರಲಿಲ್ಲ.

ಭಾನುವಾರ ಇಬ್ಬರೂ ಬಂದು ಕುಳಿತ ಮೇಲೆ ಕೆಂಪು ಸುತ್ತನ್ನು ಬಿಚ್ಚಿ ಟೇಪನ್ನು ಬಾವಿಯ ಪಕ್ಕ ಇಟ್ಟೆ.

"ಇದು ಒಂದರಿಂದ ಶುರುವಾಯ್ತದೆ ಸಾ. ನಾನು ಕೂಡ್ಕಂಡು ಅಳೀತಿದ್ದೆ. ನೀವು ಇದ್ದಂಗೆ ಓದ್ತಿದ್ರಿ."

ಮೊಬೈಲಿನವನಿಗೆ ಮೊದಲು ಅರ್ಥವಾಯಿತು. ಹಲಗೆಗೆ ಕೈ ಬಡಿದು ನಗತೊಡಗಿದ. "ಅಯ್ಯೋ ನಿನ್! ಗರಗಸ ಬುಟ್ಟಂಗೆ ಓಯ್ತೀನಿ ಅಂತಿದ್ದೆ! ನನ್ ಕೋಣ ಒಂದೂವರೆ ವರ್ಸ ಕುಂಟ್ತಾ ಬಂದದೆ ಕಣಣ್ಣೋ!"

ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನೋಡಿದರು. "ಹಳೇದೇ ಚೆನ್ನಾಗಿತ್ತು ಕಣ್ರಿ," ಎಂದರು. ಅಷ್ಟೇ ಅಂದದ್ದು. ಅದಕ್ಕಿಂತ ಬೈದಿದ್ದರೆ ಹಗುರವಾಗುತ್ತಿತ್ತು.

"ಕೊನೇ ಪುಟ ತಗುದಾಕಿ ಸಾ," ಎಂದೆ.

"ನೀವು ಬೇಕಂತ ಮಾಡಿಲ್ವಲ್ಲ."

"ಬೇಕಂತ ಮಾಡ್ಲಿಲ್ಲ, ಗೆದ್ದೂ ಇಲ್ಲ. ನನ್ ಎಸ್ರು ಅದ್ರ ಕೆಳಗೆ ಬ್ಯಾಡ."

ಅವರು ಹಾಳೆಗಳನ್ನು ಎಣಿಸಿದರು. "ತೆಗೆದ್ರೆ ಹೊಲಿಗೆ ಲೆಕ್ಕ ತಪ್ತದೆ. ಖಾಲಿ ಬಿಡ್ತೀನಿ. ಸರಿಯಾದ ಟೇಪಲ್ಲಿ ಸತತ ಮೂರು ಆಟ ಗೆಲ್ಲಿ. ಏನು ಮಾಡಿ ಗೆದ್ರೋ ಅದನ್ನ ನೀವೇ ಕೈಯಲ್ಲಿ ಬರೀರಿ."

"ನಲವತ್ತಕ್ಕೂ ಬರೀಬೇಕಾಯ್ತದಲ್ಲ ಸಾ, ಅಣ್ಣನ ಕೈಬರಾನ ಯಾರ್ ಓದಾದು?" ಎಂದ ಮೊಬೈಲಿನವನು.

"ಮೊದ್ಲು ಗೆಲ್ಲಕ್ಕೆ ಬುಡ್ಲಾ," ಎಂದೆ.

ಗುಂಪಿನಲ್ಲೂ ನಾನೇ ಬರೆದೆ, ಮೈಸೂರಿನವರು ಹೇಳಿದ್ದು ಸರಿ ಎಂದು. ಆ ಮಧ್ಯಾಹ್ನವೇ ಹೊಸ ಟೇಪು ತಂದು ಮೇಷ್ಟ್ರ ಎದುರು ಆಡಿದೆ. ಇಬ್ಬರ ಕೋಣಗಳೂ ಮೂರನೇ ಸರದಿಗೆ ಬಾವಿಕಟ್ಟೆಗೆ ಬಂದು ಮೂತಿಗೆ ಮೂತಿ ತಾಗಿಸಿ ನಿಂತವು. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅದನ್ನು ಕಲಿಯುವ ಅಗತ್ಯ ಅದುವರೆಗೆ ಬಿದ್ದಿರಲಿಲ್ಲ. ಅವರು ಬಂಡೆಯ ಹಿಂದೆ ಉಳಿಸಿಕೊಂಡಿದ್ದ ತೆಪ್ಪ ಮಗ್ಗುಲಿನಿಂದ ಬಂತು. ಹದಿನಾರು ಎಂದು ಕಣ್ಣಳತೆಯಲ್ಲಿ ಹೇಳಿ ಹೊಡೆದರು. ಟೇಪು ಹಿಡಿದವನು ನಾನೇ. ಹದಿನಾರಕ್ಕೆ ಕೂದಲೆಳೆ ಕಡಿಮೆ ಇತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಅಂಗಡಿ, ಎರಡು ಮಿಷನ್ನು. ಕೊಕ್ಕೆ ಇರುವ ಟೇಪು ಒಂದು, ಅದು ಹಲಗೆಯ ಮೇಲಿರುತ್ತದೆ. ತುದಿ ಮುರಿದದ್ದು ಒಂದು, ಕೆಲಸಕ್ಕೆ. ಕೋಣ ಆರು, ಮಿಡತೆ ಎಂಟು, ತೆಪ್ಪ ಮೂರು. ಹೊಸ ಟೇಪಿನಲ್ಲಿ ಆಡಿದ ಆಟ ಹದಿನೇಳು, ಗೆದ್ದದ್ದು ಐದು, ಸತತವಾಗಿ ಗೆದ್ದದ್ದು ಎರಡು. ಪುಸ್ತಕ ಒಂದು ಪ್ರತಿ, ಅದರ ಕೊನೆಯ ಪುಟ ಖಾಲಿ.