ಕರೆದೊಯ್ಯಲು ಬಂದವಳಲ್ಲ

ನಾನು ಆ ಮನೆಯ ಜಗಲಿ ಹತ್ತುವಷ್ಟರಲ್ಲಿ ನನ್ನ ತಂಗಿಯ ಬಟ್ಟೆಬರೆಯೆಲ್ಲ ಚೀಲ ಸೇರಿ, ಆ ಚೀಲ ಬಾಗಿಲ ಹೊರಗೆ ಬಂದಾಗಿತ್ತು. ಪಕ್ಕದಲ್ಲಿ ನೀಲಾ ತಲೆಗೆ ಟವೆಲು ಸುತ್ತಿಕೊಂಡು, ಬಸ್ಸು ಕಾಯುವವಳ ಹಾಗೆ ಕೂತಿದ್ದಳು. ಅವಳ ಅತ್ತೆ ನಿಂಗಮ್ಮ ನನಗೆ ಕುಡಿಯಲು ನೀರು ಕೊಟ್ಟು ಕೇಳಿದ ಮೊದಲ ಮಾತು ಇದು: "ಉಣ್ಕಂಡ್ ಒರಡ್ತೀರವ್ವಾ, ಇಲ್ಲ ಬೈಗಿನ್ ಬಸ್ಗೆ ಓಯ್ತೀರಾ?"

ಬಾಗಲಕೋಟೆಯಿಂದ ಮೈಸೂರಿನ ತನಕ ರೈಲು, ಅಲ್ಲಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ದಾಟಿ ಕಿಕ್ಕೇರಿಗೆ ಬಸ್ಸು. ನನ್ನ ಸೊಂಟ ಹಿಡಿದುಹೋಗಿತ್ತು. ತಾಳ್ಮೆಯಂತೂ ನನಗೆ ಮೊದಲೇ ಕಡಿಮೆ.

"ಕರ್ಕೊಂಡ ಹೋಗಾಕ ಬಂದಿಲ್ರೀ ಅತ್ತಿ, ಇರಾಕ ಬಂದೀನಿ," ಎಂದು ನನ್ನ ಹಾಸಿಗೆಯ ಸುರುಳಿಯನ್ನೂ ನೀಲಾಳ ಚೀಲವನ್ನೂ ಎತ್ತಿಕೊಂಡು ಒಳಗೆ ನಡೆದೆ.

ನೀಲಾಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿತ್ತು, ಎರಡು ಕೀಮೋ ಮುಗಿದಿದ್ದವು, ಇನ್ನೂ ಆರು ಬಾಕಿ. ಮೂರು ವಾರಕ್ಕೊಮ್ಮೆ ನಾಗಮಂಗಲದ ಕಡೆಯ ಆಸ್ಪತ್ರೆಗೆ ಹೋಗಬೇಕು. ಶಾಲೆಗೆ ಹೋಗುವ ಮಗಳಿದ್ದಾಳೆ. ಇಷ್ಟೆಲ್ಲ ಇಲ್ಲಿರುವಾಗ ಇವಳನ್ನು ತವರಿಗೆ ಯಾಕೆ ಕಳಿಸಬೇಕು? ಸೊಸೆ ಕಾಯಿಲೆ ಬಿದ್ದರೆ ತವರಿನವರು ನೋಡಿಕೊಳ್ಳಬೇಕು, ಅಷ್ಟೆ. ಇಲ್ಲಿ ಅದನ್ನು ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅತ್ತ ಊರಿನಲ್ಲಿ ನಮ್ಮವ್ವನೂ ಮಗಳಿಗೆಂದು ಕೋಣೆ ಸಾರಿಸಿ ಕಾಯುತ್ತಿದ್ದಳು.

ನೀವು "ದಕ್ಷಿಣದವರೇ ಹಾಗೆ" ಎನ್ನುವ ಮೊದಲು ನನ್ನದೂ ಒಂದು ಕೇಳಿ. ನನ್ನ ಓರಗಿತ್ತಿಗೆ ಟಿ.ಬಿ. ಆದಾಗ ಅವಳನ್ನು ತವರಿಗೆ ಕಳಿಸಿದವರಲ್ಲಿ ನಾನೂ ಒಬ್ಬಳು. ಗುಣವಾದ ಮೇಲೆ ಕರೆಸಿಕೊಂಡರಾಯಿತು ಎಂದಿದ್ದೆವು. ಅವಳು ಗುಣವಾದಳು. ಕರೆಯಲು ಮಾತ್ರ ಯಾರೂ ಹೋಗಲಿಲ್ಲ, ಅವಳ ಮಂಚದ ಜಾಗದಲ್ಲಿ ನಾವು ಜೋಳದ ಚೀಲ ಪೇರಿಸಿದ್ದೆವು. ಅದು ನೆನಪಿದ್ದುದರಿಂದಲೇ ನಾನು ಹಾಸಿಗೆ ಕಟ್ಟಿಕೊಂಡು ಬಂದದ್ದು.

ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ನನಗೂ ನೀಲಾಗೂ ಜಾಗವಾಯಿತು. ಗೋಡೆಯಾಚೆ ಎರಡು ಹಸು. ಬೆಳಗಾದರೆ ಊರಿಗೆ ಊರೇ ಕ್ಯಾನು ಹಿಡಿದು ಡೈರಿಗೆ ನಡೆಯುತ್ತದೆ. ನಮ್ಮಲ್ಲಿ ನೆಲ ಬಿರಿದು ಬಾಯಿ ತೆರೆಯುವ ದಿನಗಳಲ್ಲಿ ಇಲ್ಲಿ ಕಬ್ಬಿನ ಗದ್ದೆಯಲ್ಲಿ ಕಾಲು ಹೂತುಕೊಳ್ಳುತ್ತದೆ. ನಮ್ಮಲ್ಲಿ ಹೆಜ್ಜೆಗೊಂದು 'ರೀ'. ಇಲ್ಲಿ ಹರೆಯದ ಹುಡುಗಿಯೂ ನಿಂಗಮ್ಮನಿಗೆ "ಬಾ, ಕುಂತ್ಕೊ" ಎನ್ನುತ್ತಾಳೆ, ನಿಂಗಮ್ಮ ಸಂತೋಷದಿಂದ ಕೂರುತ್ತಾಳೆ. ಮೊದಲ ವಾರ ಎಲ್ಲರೂ ಜಗಳವಾಡುತ್ತಿದ್ದಾರೆಂದೇ ನಾನು ತಿಳಿದಿದ್ದೆ.

ಊಟದಲ್ಲಿ ಸೋತದ್ದನ್ನೂ ಹೇಳಿಬಿಡುತ್ತೇನೆ. ತಂಗಿಗೆ ತವರಿನ ರುಚಿ ತೋರಿಸೋಣವೆಂದು ಜೋಳದ ಹಿಟ್ಟು, ಶೇಂಗಾ ಚಟ್ನಿ ಹೊತ್ತು ತಂದಿದ್ದೆ. ಕೀಮೋ ಆಗಿ ಬಾಯೆಲ್ಲ ಹುಣ್ಣಾದವಳಿಗೆ ರೊಟ್ಟಿ ಮುರಿದು ಕೊಟ್ಟೆ. ಎರಡು ತುತ್ತಿಗೇ ಕಣ್ಣಲ್ಲಿ ನೀರು ಬಂತು. ನಿಂಗಮ್ಮ ಒಲೆ ಮುಂದೆ ಕೂತು, ರಾಗಿ ಮುದ್ದೆಯನ್ನು ಮೆತ್ತಗೆ ತೊಳಸಿ, ಖಾರ ಹಾಕದ ಉಪ್ಸಾರಿನಲ್ಲಿ ಅದ್ದಿ ಕೊಟ್ಟಳು. ಉಪ್ಸಾರೆಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ಉಪ್ಪುನೀರು. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ನೀಲಾ ಅರ್ಧ ಮುದ್ದೆ ನುಂಗಿದಳು. ಇರಿಸುಮುರಿಸಾದರೂ ಮರುದಿನ ಮುದ್ದೆ ತೊಳಸುವ ಕೋಲನ್ನು ನಾನೇ ಹಿಡಿದೆ. ನನ್ನ ಮುದ್ದೆಯ ತುಂಬ ಹಿಟ್ಟಿನ ಗಂಟು. "ಇದ್ನ ತಿಂದ್ರೆ ಅಸೂನೂ ಮುನಿಸ್ಕತ್ತದೆ ಕಣವ್ವ," ಎಂದು ನಿಂಗಮ್ಮ ನಕ್ಕಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಮೂರನೆಯ ಕೀಮೋಗೆ ಹೊರಟಾಗ ಬಸ್ಸಿನಲ್ಲಿ ಪಕ್ಕದ ಮುದುಕಿ, "ಏನಾಗದೆ ಮಗೀಗೆ?" ಎಂದಳು. ನೀಲಾಳ ಗಂಡ ಪುಟ್ಟಸ್ವಾಮಿ ಒಳ್ಳೆಯವನೇ, ಬಾಯಿಲ್ಲದವನು. "ಗ್ಯಾಸ್ಟಿಕ್ಕು ಕಣವ್ವ," ಎಂದು ಕಿಟಕಿಯತ್ತ ತಿರುಗಿದ. ನನಗೆ ಮೈ ಉರಿಯಿತು.

"ಕ್ಯಾನ್ಸರ್ ಐತ್ರೀ. ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.

ಮುದುಕಿ ಹತ್ತಿರ ಸರಿದು, "ಅಂಗಾರೆ ನನ್ ಮ್ಯಾಕೆ ಒರಗ್ಕ ಮಗ," ಎಂದು ಹೆಗಲು ಕೊಟ್ಟಳು. ನಾನು ಗೆದ್ದೆ ಅಂದುಕೊಂಡೆ. ಇಳಿದ ಮೇಲೆ ನೀಲಾ ನನ್ನನ್ನು ಸುಡುವ ಹಾಗೆ ನೋಡಿದಳು. "ರೋಗ ನಂದ ಅಕ್ಕಾ. ಹೇಳೂದಿದ್ರ ನಾ ಹೇಳ್ತೀನಿ." ಅವಳ ಮಾತು ಸರಿಯಿತ್ತು. ಆಮೇಲೆ ನಾನು ಅವಳ ಪರವಾಗಿ ಕೂಗುವುದನ್ನು ಬಿಟ್ಟೆ, ಕಷ್ಟಪಟ್ಟು.

ಪಿತೃಪಕ್ಷ ಬಂತು. ಇಲ್ಲಿ ಅದು ದೊಡ್ಡ ಹಬ್ಬ. ಸತ್ತ ಹಿರಿಯರಿಗೆ ಮನೆಯ ಸೊಸೆ ಅಡುಗೆ ಮಾಡಿ ಎಡೆ ಇಡಬೇಕು, ನೆಂಟರೆಲ್ಲ ಸೇರುತ್ತಾರೆ. ಹಬ್ಬಕ್ಕೆ ನಾಲ್ಕು ದಿನ ಮೊದಲು ಪಾಂಡವಪುರದಿಂದ ಪುಟ್ಟಸ್ವಾಮಿಯ ಸೋದರತ್ತೆ ಬಂದಳು. ನನ್ನ ಕೈಯಿಂದಲೇ ಕಾಫಿ ಇಸಿದುಕೊಂಡು, ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿದಳು.

"ನೆಂಟ್ರಿಷ್ಟ್ರು ಬತ್ತಾವ್ರೆ. ಬೋಳ್ತಲೇಲಿ ಎಡೆ ಮುಂದ್ಕೆ ಎಂಗ್ ನಿಲ್ತಾಳೆ? ಅಕ್ಕ ಬಂದವ್ಳಲ್ಲ, ಅಬ್ಬ ಮುಗಿಯೋಗಂಟ ಕರ್ಕಂಡೋಗ್ಲಿ."

ನಿಂಗಮ್ಮ ನೆಲ ನೋಡಿದಳು. ಪುಟ್ಟಸ್ವಾಮಿ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಎದ್ದ. ನನ್ನ ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹಲ್ಲು ಕಚ್ಚಿಕೊಂಡು ನೀಲಾಳನ್ನು ನೋಡಿದೆ. ಈಗ ಒಂದು ನಿಜ ಒಪ್ಪಿಕೊಳ್ಳುತ್ತೇನೆ. ಇವಳನ್ನು ಇಲ್ಲೇ ಉಳಿಸಬೇಕೆಂದು ಇಷ್ಟೆಲ್ಲ ಹೊಡೆದಾಡಿದ ನಾನೇ ಒಳಗೊಳಗೆ ಕಾಯುತ್ತಿದ್ದೆ, ಒಮ್ಮೆಯಾದರೂ ಅವಳು 'ಅಕ್ಕಾ, ಊರಿಗೆ ಹೋಗೂಣು' ಅನ್ನಲಿ ಎಂದು.

ನೀಲಾ ಎದ್ದು ನಿಂತು ತಲೆಯ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂಗಮ್ಮನತ್ತ ತಿರುಗಿದಳು.

"ಅತ್ತೆ, ನಮ್ಮಟ್ಟಿ ಬುಟ್ಟು ನಾನೆಲ್ಗೂ ಓಗಕಿಲ್ಲ. ಎಡೆ ನಾನೇ ಇಡಾದು. ನೋಡಕಾಗ್ದೆ ಇರೋರು ಎಡೆ ಎತ್ತುದ್ ಮ್ಯಾಲೆ ಬರ್ಲಿ ಬುಡಿ."

ಹಟ್ಟಿ ಎಂದರೆ ಇಲ್ಲಿಯವರ ಬಾಯಲ್ಲಿ ಮನೆ. ಸಿಟ್ಟು ಬಂದಾಗಲೂ ನನ್ನ ತಂಗಿಗೆ ನಮ್ಮವ್ವ ಕಲಿಸಿದ ಮಾತು ಬರಲಿಲ್ಲ, ಇವರ ಮಾತೇ ಬಂತು. ನಿಂಗಮ್ಮ ಸರಕ್ಕನೆ ತಲೆಯೆತ್ತಿ, "ಸೊಸೆ ಏಳುದ್ಲಲ್ಲ, ಅಂಗೇ ಆಗ್ಲಿ," ಎಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕೊಟ್ಟಿಗೆಯಿಂದ ಪುಟ್ಟಸ್ವಾಮಿ, "ಅಷ್ಟೇಯ!" ಎಂದು ಕೂಗಿದ. ನನಗೆ ಕುಣಿಯುವಷ್ಟು ಸಂತೋಷವಾಯಿತು, 'ಊರಿಗೆ ಹೋಗೂಣು' ಎನ್ನುವ ಮಾತು ಇನ್ನು ಬರುವುದಿಲ್ಲವೆಂದೂ ಗೊತ್ತಾಯಿತು.

ಹಬ್ಬದ ದಿನ ನೀಲಾ ಬೋಳುತಲೆಯಲ್ಲೇ ಎಡೆ ಇಟ್ಟಳು. ಸುಸ್ತಾದಾಗ ಕೂತಳು, ಮತ್ತೆ ಎದ್ದಳು. ಮುದ್ದೆಗಳನ್ನು ನಾನು ಕಟ್ಟಿದೆ, ಗಂಟಿರಲಿಲ್ಲ. ಅದೇ ಮಧ್ಯಾಹ್ನ ಅವ್ವನ ಫೋನು.

"ತಂಗೀನ ಯಾವಾಗ ಕರ್ಕೊಂಡ ಬರ್ತಿ?"

"ಕರ್ಕೊಂಡ ಬರೂದಿಲ್ಲವ್ವಾ. ಅಕಿ ಅಕಿ ಮನ್ಯಾಗ ಅದಾಳ."

ಅವ್ವ ಕೇಳಿದಳು: "ಮತ್ತ ನೀ ಯಾರ ಮನ್ಯಾಗ ಅದಿ?"

"ಕೀಮೋ ಮುಗಿಯೂತನಕ ಇದೂ ನನ್ನ ಮನೀನ," ಎಂದೆ. ದನಿ ಗಟ್ಟಿಯಾಗಿಯೇ ಬಂತು. ಮುಗಿದ ಮೇಲೆ ಎಲ್ಲಿ ಎಂದು ಅವ್ವ ಕೇಳಲಿಲ್ಲ, ಗಂಡನ ಮನೆಯಲ್ಲಿ ನನ್ನ ಮಂಚದ ಜಾಗ ಇನ್ನೂ ಹಾಗೇ ಇದೆಯೇ ಎಂದು ನಾನೂ ಕೇಳಲಿಲ್ಲ.