ಯತ್ತಪ್ಪ ಮೇಷ್ಟ್ರ ಸಣ್ಣ ದೇಶಗಳು

ಯತ್ತಪ್ಪ ಮೇಷ್ಟ್ರು ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನಂತೂ ಕಂಡಿಲ್ಲ. ದುರ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ಜೊತೆಯ ಮೇಷ್ಟ್ರುಗಳಾದ ನಾವು ಆಡಿಕೊಳ್ಳುತ್ತಿದ್ದೆವು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಮನುಷ್ಯ ಪಿಎಚ್.ಡಿ.ಗೆಂದು ಹಿಡಿದದ್ದು ಸಮುದ್ರದ ನಡುವಿನ ಪುಟ್ಟ ದ್ವೀಪ ದೇಶಗಳ ಪ್ರಜಾಪ್ರಭುತ್ವವನ್ನು. ಸಮುದ್ರ ನೋಡಿದವರಲ್ಲ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆಯೇ ಅವರು ಕಂಡ ದೊಡ್ಡ ನೀರು.

"ನೌರು ಅಂತ ಒಂದು ದೇಶ ಐತೆ ಕಣ್ರಿ. ಸೈಕಲ್ ಹತ್ತಿದ್ರೆ ಊಟದ ಹೊತ್ತಿಗೆ ಪೂರಾ ಸುತ್ತಿ ಬರಬಹುದು. ಅಲ್ಲಿ ಮಂತ್ರಿ ಯಾರ ಮಗ ಅಂತ ಎಲ್ಲಾರಿಗೂ ಗೊತ್ತು. ಮೋಸ ಮಾಡಿ ಎಲ್ಲಿಗೆ ಹೋಗ್ತಾನೆ?" ಎನ್ನುತ್ತಿದ್ದರು.

ದೇಶ ಚಿಕ್ಕದಾದಷ್ಟೂ ಒಬ್ಬೊಬ್ಬನ ಮಾತಿಗೂ ಬೆಲೆ ಹೆಚ್ಚು ಎನ್ನುವುದೇ ಅವರ ಪ್ರಬಂಧದ ತಿರುಳು. ಮಾರಿಷಸ್ಸಿನವರು ಎಪ್ಪತ್ತೆರಡರ ಚುನಾವಣೆಯನ್ನು ಎಪ್ಪತ್ತಾರಕ್ಕೆ ದೂಡಿ ಈ ವಾದಕ್ಕೆ ಕಲ್ಲು ಹಾಕಿದ್ದರು. ಮೈಸೂರಿನ ಗೈಡು ಈ ವಾದದ ಅಧ್ಯಾಯವನ್ನು ಎರಡು ಸಲ ವಾಪಸ್ ಕಳಿಸಿದರು. ಮೇಷ್ಟ್ರು ಜಗ್ಗಲಿಲ್ಲ. ದ್ವೀಪ ಎಂದಾಗ ಅವರ ಕಣ್ಣಿಗೆ ಕಟ್ಟುತ್ತಿದ್ದದ್ದು ಯಲ್ಲದಕೆರೆಯ ಆಚೆಗಿದ್ದ ತಮ್ಮ ಗೊಲ್ಲರಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆಲ್ಲ ನೆಂಟರು. ಚಪ್ಪಲಿ ಬೇಲಿಯ ಹೊರಗೇ ಬಿಡಬೇಕು. ಜುಂಜಪ್ಪನ ಗುಡಿಯ ಮುಂದೆ ಒಂದು ಮಾತಾಯಿತೆಂದರೆ ಅದು ಇಡೀ ಹಟ್ಟಿಯ ಮಾತು.

ಎಪ್ಪತ್ತೆಂಟರಲ್ಲಿ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ಹಟ್ಟಿಯ ಯಜಮಾನ ಮುದ್ದಪ್ಪ, ಮೇಷ್ಟ್ರಿಗೆ ದೊಡ್ಡಪ್ಪ, ಎಲ್ಲರ ಓಟೂ ನಮ್ಮ ಹಟ್ಟಿಯವನೇ ಆದ ಕೆಂಚಣ್ಣನಿಗೆ ಎಂದು ಗುಡಿಯ ಮುಂದೆ ಹೇಳಿಬಿಟ್ಟ. ಎದುರು ನಿಂತವನು ಯಲ್ಲದಕೆರೆ ಊರೊಳಗಿನ ಚಿತ್ರಲಿಂಗಪ್ಪ. ಬಾಣಂತಿಯರು ಹಟ್ಟಿಯ ಹೊರಗೆ ಗುಡಿಸಲಲ್ಲಿರಬೇಕು ಎನ್ನುವುದು ಅಲ್ಲಿಯ ಕಟ್ಟಳೆ. ಹಿಂದಿನ ಮಳೆಗಾಲದಲ್ಲಿ ಆ ಸೋರುವ ಗುಡಿಸಲಲ್ಲೇ ಮೇಷ್ಟ್ರ ಚಿಕ್ಕವ್ವ ಪಾಲಮ್ಮನ ಮೊಮ್ಮಗು ತೀರಿಕೊಂಡಿತ್ತು. ಅಲ್ಲೊಂದು ಹೆಂಚಿನ ಕೋಣೆ ಕಟ್ಟಿಸುತ್ತೇನೆ ಎಂದವನು ಚಿತ್ರಲಿಂಗಪ್ಪ ಒಬ್ಬನೇ.

ಹೆಸರು ಇನ್ನೂ ಹಟ್ಟಿಯ ಮತದಾರರ ಪಟ್ಟಿಯಲ್ಲೇ ಇದ್ದ ಮೇಷ್ಟ್ರು ಅವನಿಗೇ ಹಾಕಬೇಕೆಂದು ದುರ್ಗದಿಂದ ಬಸ್ಸು ಹತ್ತಿ ಹೋದರು. ಮತಗಟ್ಟೆಯ ಬಾಗಿಲಲ್ಲಿ ದೊಡ್ಡಪ್ಪ ಕೂತಿದ್ದ. "ಬಾರಪ್ಪ ಯತ್ತಪ್ಪ, ಬಿಸ್ಲಾಗೆ ಬಂದೀಯ" ಎಂದನಷ್ಟೇ. ಒಳಗೆ ಹೋದ ಮೇಷ್ಟ್ರ ಕೈ ಕೆಂಚಣ್ಣನ ಗುರುತಿನ ಮೇಲೆಯೇ ಮುದ್ರೆ ಒತ್ತಿತು. ನನಗೆ ಇದನ್ನು ಹೇಳುವಾಗಲೂ ಆ ಮನುಷ್ಯ ನಾಚಿಕೆಯಿಂದ ಗೋಡೆ ನೋಡುತ್ತಿದ್ದರು.

ಆಗ ಎಣಿಕೆ ಒಂದೊಂದೇ ಪೆಟ್ಟಿಗೆ ಬಿಚ್ಚಿ ನಡೆಯುತ್ತಿತ್ತು. ಹಟ್ಟಿಯ ಪೆಟ್ಟಿಗೆಯಲ್ಲಿ ಚಿತ್ರಲಿಂಗಪ್ಪನಿಗೆ ಬಿದ್ದದ್ದು ಒಂದೇ ಒಂದು ಓಟು. ಕೆಂಚಣ್ಣ ಗೆದ್ದ. ಆದರೂ ಹಟ್ಟಿಗೆ ಗೆದ್ದ ಸಂತೋಷವಿಲ್ಲ. ಮಾತು ಮುರಿದವರು ಯಾರು? ಒಬ್ಬೊಬ್ಬರೂ ಗುಡಿಯ ಮುಂದೆ ಆಣೆ ಮಾಡಬೇಕು ಎಂದಾಯಿತು. ಸಿಕ್ಕಿಬಿದ್ದವರಿಗೆ ಹಟ್ಟಿಯಲ್ಲಿ ಬೆಂಕಿಯಿಲ್ಲ, ನೀರಿಲ್ಲ. ಸುದ್ದಿ ಕೇಳಿ ಮೇಷ್ಟ್ರು ಮತ್ತೆ ಓಡಿದರು.

ಜನ ಸೇರಿತ್ತು. ಎಲ್ಲರ ಕಣ್ಣೂ ಪಾಲಮ್ಮನ ಮೇಲೆ. ಆಕೆ ಸೆರಗು ಬಿಗಿದು ಎದ್ದಳು, ಬಾಯಿ ತೆರೆದಳು. ಅಷ್ಟರಲ್ಲಿ ಮೇಷ್ಟ್ರು ನಡುವೆ ನುಗ್ಗಿ, "ಅದು ನನ್ನ ಓಟು, ದೊಡ್ಡಪ್ಪ" ಎಂದುಬಿಟ್ಟರು.

ಮುದ್ದಪ್ಪನಿಗೆ ನಗು ಬಂತು. "ಓದಿ ಓದಿ ಮರುಳಾದ ಕೂಚುಭಟ್ಟ ಅನ್ನಂಗಾತು. ಪ್ಯಾಟೇಲಿರೋನು, ಬಿಡ್ರತ್ಲಾಗೆ" ಎಂದ. ಹಟ್ಟಿಗೆ ಹಟ್ಟಿಯೇ ನಕ್ಕು ಎದ್ದು ಹೋಯಿತು. ಆಣೆಯ ಗೊಡವೆಯೇ ಉಳಿಯಲಿಲ್ಲ.

ಮೇಷ್ಟ್ರು ನಿರಾಳವಾಗಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದರು. ಪಾಲಮ್ಮ ಹಿಂದೆಯೇ ಬಂದಳು.

"ಯಾಕಪ್ಪ ಹಂಗಂದೆ?"

"ನಿನ್ನ ಹಟ್ಟಿಯಿಂದ ಹೊರಗೆ ಹಾಕ್ತಿದ್ರು, ಚಿಕ್ಕವ್ವ."

"ಹಾಕ್ಲಿ ಅಂತಾನೇ ಎದ್ದಿದ್ದೆ. ಕೂಸು ಯಾಕೆ ಸತ್ತಿತು ಅಂತ ಆ ಜನದ ಮುಂದೆ ಹೇಳ್ಬೇಕಿತ್ತು. ಆ ಓಟು ನಂದು ಅಂತ ಈಗ ಹೇಳಿದ್ರೆ ಯಾರು ನಂಬ್ತಾರೆ? ನಗಾಡ್ಕೊಂಡು ಹೋದ್ರಲ್ಲ." ಬಿಗಿದಿದ್ದ ಸೆರಗನ್ನು ಆಕೆ ಸಡಿಲಿಸಿದಳು. "ನೀನು ಯಾರಿಗೆ ಹಾಕ್ದೆ?"

ಮೇಷ್ಟ್ರಿಗೆ ಸುಳ್ಳು ಹೇಳಲು ಆಗಲಿಲ್ಲ. "ಕೆಂಚಣ್ಣಂಗೆ."

"ನಿನ್ನ ಓಟು ನಿಮ್ಮ ದೊಡ್ಡಪ್ಪ ಇಸ್ಕಂಡ. ನಂದು ನೀನು ಇಸ್ಕಂಡೆ" ಎಂದು ಪಾಲಮ್ಮ ಬೇಲಿಯೊಳಕ್ಕೆ ಹೋದಳು.

ಅಂದು ಮೇಷ್ಟ್ರು ಬಸ್ಸಿನಲ್ಲಿ ಸೀಟಿದ್ದರೂ ದುರ್ಗದವರೆಗೆ ನಿಂತೇ ಬಂದರಂತೆ. ಪ್ರಬಂಧ ಮುಗಿಯಲಿಲ್ಲ. ಮಳೆಗಾಲ ಹತ್ತಿರವಾದರೆ ಸಾಕು, ಪಾಠ ನಡುವೆಯೇ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ಮೋಡ ನೋಡುತ್ತಿದ್ದರು. ಆ ಹೆಂಚಿನ ಕೋಣೆಯನ್ನು ಯಾರೂ ಕಟ್ಟಿಸಿರಲಿಲ್ಲ.